ಎಡಕ್ಕೆ ಅಂಟಿದ ತಾರೀಖು, ಬಲಕ್ಕೆ ಅಂಟಿದ ತಾರೀಖು

ನಮ್ಮ ಐಟಿ ಸಪೋರ್ಟಿಗೆ ಟಿಕೆಟ್ ಬಂದದ್ದು ಪಿ4 ಆಗಿ, ಅಂದರೆ ಅವಸರವಿಲ್ಲದ್ದು. ಡೆಲಿವರಿ ಮ್ಯಾನೇಜರ್ ಮೇಡಂಗೆ ಆಫೀಸಿನ ಔಟ್‌ಲುಕ್ ಕ್ಯಾಲೆಂಡರ್ ಮನೆಯ ಕಂಪ್ಯೂಟರಿನ ಗೂಗಲ್ ಕ್ಯಾಲೆಂಡರಿನಲ್ಲೂ ಬೇಕು, ಅಕ್ಟೋಬರಿನಿಂದ ಡಿಸೆಂಬರ್ ತನಕ. ಇನ್ಫೋಸೆಕ್ (ಮಾಹಿತಿ ಸುರಕ್ಷತೆಯ ತಂಡ) ಅಪ್ರೂವಲ್ ಇತ್ತು. ನಮ್ಮ ಕೆಬಿ (ಸಪೋರ್ಟ್ ಕೈಪಿಡಿ) ಆರ್ಟಿಕಲ್ ಸಿಎಸ್‌ವಿ, ಅಂದರೆ ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಬರೀ ಅಕ್ಷರದ ಫೈಲ್, ಮಾಡು ಅನ್ನುತ್ತಿತ್ತು, ಮಾಡಿದೆ. ಅಪ್‌ಲೋಡ್ ಮಾಡುವ ಮುಂಚೆ ಒಮ್ಮೆ ಎಕ್ಸೆಲ್‌ನಲ್ಲಿ ತೆರೆದು ನೋಡಿದ್ದೇ ತಪ್ಪಾಯಿತು.

ಸ್ಟಾರ್ಟ್ ಡೇಟ್ ಕಾಲಮ್ಮಿನಲ್ಲಿ ಕೆಲವು ತಾರೀಖು ಬಲಕ್ಕೆ ಅಂಟಿದ್ದವು, ಕೆಲವು ಎಡಕ್ಕೆ. ನೋಡಲು ಅಸಹ್ಯವಾಗಿತ್ತು, ಅಷ್ಟೇ ಅಂದುಕೊಂಡೆ. ಇಡೀ ಕಾಲಮ್ ಸೆಲೆಕ್ಟ್ ಮಾಡಿ, ಗೂಗಲ್ ಕೇಳುವ ತಿಂಗಳು/ದಿನ/ವರ್ಷ ಫಾರ್ಮ್ಯಾಟ್ ಹಾಕಿ, ಸೇವ್ ಮಾಡಿ, ಇಂಪೋರ್ಟ್ ಒತ್ತಿದೆ. ಅದೂ ಅವರ ಮುಖ್ಯ ಕ್ಯಾಲೆಂಡರಿಗೇ.

ಎಕ್ಸೆಲ್‌ಗೆ ತಾರೀಖು ಅಂತ ಅರ್ಥವಾದದ್ದು ಬಲಕ್ಕೆ ನಿಲ್ಲುತ್ತದೆ, ಅರ್ಥವಾಗದೆ ಬರೀ ಅಕ್ಷರವಾಗಿ ಉಳಿದದ್ದು ಎಡಕ್ಕೆ. ಆಫೀಸ್ ಲ್ಯಾಪ್‌ಟಾಪಿನ ರೀಜನ್ ಸೆಟ್ಟಿಂಗ್ ಅಮೆರಿಕದ್ದು, ಅಲ್ಲಿ ತಿಂಗಳು ಮೊದಲು, ಆದ್ದರಿಂದ ಅಕ್ಟೋಬರ್ 5 ಫೈಲಿನಲ್ಲಿ 10/5 ಆಗಿತ್ತು. ನಾನು ತೆರೆದ ಮೆಷಿನ್ನಿನ ರೀಜನ್ ಇಂಡಿಯಾ, ಇಲ್ಲಿ ದಿನ ಮೊದಲು. ಅದು 10/5 ಅನ್ನು ಮೇ 10 ಅಂತ ಓದಿತು. 10/15ಕ್ಕೆ ಹದಿನೈದನೇ ತಿಂಗಳು ಎಲ್ಲಿಂದ ತರಬೇಕು? ಹಾಗೇ ಬಿಟ್ಟಿತು. ನನ್ನ ಫಾರ್ಮ್ಯಾಟ್ ಬಂದು ಆ ತಪ್ಪು ಓದಿಗೆ ಮುದ್ರೆ ಒತ್ತಿತು.

ಸಂಜೆ ಫೋನ್. 'ಸೋಮವಾರ ಕ್ಲೈಂಟ್ ಕಾಲ್ ಇತ್ತಲ್ಲಾ, ಮನೆ ಕ್ಯಾಲೆಂಡರಲ್ಲಿ ಆ ವಾರ ಪೂರ್ತಿ ಖಾಲಿ ತೋರಿಸ್ತಿದೆ, ನೋಡ್ತೀರಾ?' ಅವರ ಮೆಷಿನ್ನಿನ ರಿಮೋಟ್ ತಗೊಂಡೆ. ಅಪ್‌ಲೋಡ್ ಅರ್ಧಕ್ಕೆ ನಿಂತಿರಬೇಕು ಅಂತ ತರ್ಕ ಮಾಡಿ ಅದೇ ಫೈಲನ್ನು ಇನ್ನೊಮ್ಮೆ ಇಂಪೋರ್ಟ್ ಮಾಡಿದೆ. ಸಿಎಸ್‌ವಿಯಲ್ಲಿ ಯುಐಡಿ (ಪ್ರತಿ ಮೀಟಿಂಗಿನ ಗುರುತಿನ ಸಂಖ್ಯೆ) ಇರುವುದಿಲ್ಲ, ಹಳೆಯದು ಯಾವುದು ಹೊಸದು ಯಾವುದು ಅಂತ ಗೂಗಲ್‌ಗೆ ಗೊತ್ತಾಗುವ ದಾರಿಯೇ ಇಲ್ಲ. ಸರಿಯಿದ್ದ ಮೀಟಿಂಗ್‌ಗಳೂ ಎರಡೆರಡಾದವು. ಮೇಡಂ ಆ ಕಡೆ ಮಾತಾಡದೆ ನೋಡುತ್ತಿದ್ದರು. ಬೈದಿದ್ದರೆ ವಾಸಿಯಿತ್ತು.

ಹಿಂದಿನ ತಿಂಗಳುಗಳಿಗೆ ಸ್ಕ್ರಾಲ್ ಮಾಡಿದಾಗ ಕಂಡಿತು. ಜನವರಿ 10, ಫೆಬ್ರವರಿ 10, ಮಾರ್ಚ್ 10, ಪ್ರತಿ ತಿಂಗಳ ಹತ್ತನೇ ತಾರೀಖಿಗೆ ಮೀಟಿಂಗ್ ರಾಶಿ. ಅಕ್ಟೋಬರಿನ ಮೊದಲ ಹನ್ನೆರಡು ದಿನಗಳು ವರ್ಷವಿಡೀ ಹಂಚಿಹೋಗಿದ್ದವು. ನವೆಂಬರಿನವು ಹನ್ನೊಂದಕ್ಕೆ, ಡಿಸೆಂಬರಿನವು ಹನ್ನೆರಡಕ್ಕೆ. ಅಕ್ಟೋಬರ್ 10, ನವೆಂಬರ್ 11, ಡಿಸೆಂಬರ್ 12 ಮಾತ್ರ ಹೇಗೆ ಓದಿದರೂ ಅವೇ. 13ರಿಂದ ಆಚೆಗಿನವು ಸರಿಯಿದ್ದು ಅದಕ್ಕೂ ಒಳಗಿನವು ಊರು ಸುತ್ತಿದ್ದರೆ ಬೇರೆ ಕಾರಣ ಹುಡುಕಬೇಡಿ, ದಿನ ಮತ್ತು ತಿಂಗಳು ಅದಲುಬದಲಾಗಿವೆ.

ಅಳಿಸುವುದು ಅದಕ್ಕಿಂತ ದೊಡ್ಡ ಪಾಡು. ಮಗುವಿನ ಲಸಿಕೆ, ಸ್ಕೂಲಿನ ಪಿಟಿಎಂ ಎಲ್ಲ ಅದೇ ಕ್ಯಾಲೆಂಡರಿನಲ್ಲಿ ಬೆರೆತಿದ್ದವು. ಒಂದೊಂದಾಗಿ ಕೂತು ತೆಗೆದೆ. ಗೂಗಲ್‌ನ ಟ್ರ್ಯಾಶ್‌ನಲ್ಲಿ ಸುಮಾರು 30 ದಿನ ಇರುತ್ತದೆ ಅನ್ನುವುದೊಂದೇ ಧೈರ್ಯ. ಮೊದಲೇ 'ಆಫೀಸ್ ಟೆಸ್ಟ್' ಅಂತ ಹೊಸ ಕ್ಯಾಲೆಂಡರ್ ಮಾಡಿ ಅದಕ್ಕೆ ಇಂಪೋರ್ಟ್ ಮಾಡಿದ್ದರೆ, ಕೆಟ್ಟುಹೋದಾಗ ಆ ಕ್ಯಾಲೆಂಡರನ್ನೇ ಡಿಲೀಟ್ ಮಾಡಿ ಎದ್ದು ಹೋಗಬಹುದಿತ್ತು.

ಈಗ ನಾನು ಸಿಎಸ್‌ವಿ ಮುಟ್ಟುವುದಿಲ್ಲ. ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಕ್ಯಾಲೆಂಡರ್ ತೆರೆದು ಫೈಲ್, ಸೇವ್ ಕ್ಯಾಲೆಂಡರ್, ಮೋರ್ ಆಪ್ಷನ್ಸ್. ಅಲ್ಲಿ ಡೇಟ್ ರೇಂಜ್ ಕೊಟ್ಟು, ಡೀಟೇಲ್ ಅನ್ನುವಲ್ಲಿ ಲಿಮಿಟೆಡ್ ಡೀಟೇಲ್ಸ್ ಹಾಕುತ್ತೇನೆ. ಫುಲ್ ಹಾಕಿದರೆ ಮೀಟಿಂಗ್ ಬಾಡಿಯಲ್ಲಿರುವ ಡಯಲ್-ಇನ್ ಪಿನ್, ಪಾಸ್‌ವರ್ಡ್ ಎಲ್ಲ ಮನೆಗೆ ಹೋಗುತ್ತದೆ. ಬರುವುದು ಐಸಿಎಸ್ ಫೈಲ್, ಕ್ಯಾಲೆಂಡರಿಗೆಂದೇ ಇರುವ ಫಾರ್ಮ್ಯಾಟ್. ಅದರಲ್ಲಿ ಯುಐಡಿ ಇದೆ, ಟೈಮ್ ಝೋನ್ ಇದೆ, ವಾರವಾರದ ಸ್ಟೇಟಸ್ ಕಾಲ್ ಒಂದೇ ಎಂಟ್ರಿಯಾಗಿ ಬರುತ್ತದೆ. ಸಿಎಸ್‌ವಿಯಲ್ಲಿ ಅದೇ ಹದಿಮೂರು ಬಿಡಿ ಮೀಟಿಂಗ್ ಆಗುತ್ತದೆ. ಗೂಗಲ್ 1 ಎಂಬಿ ಮೀರಿದ ಫೈಲ್ ತಗೊಳ್ಳದಿದ್ದರೆ ತಿಂಗಳ ಲೆಕ್ಕದಲ್ಲಿ ತುಂಡು ಮಾಡಿ. ಅತಿಥಿಗಳ ಪಟ್ಟಿ ಮಾತ್ರ ಬರುವುದಿಲ್ಲ.

ಬಂದ ಮೇಲೆ ಮೂರು ಎಂಟ್ರಿ ನೋಡಿದರೆ ಸಾಕು: ಒಂದು ಇಡೀ ದಿನದ ರಜೆ, ಒಂದು ವಾರವಾರದ್ದು, ಒಂದು ಅಮೆರಿಕದವರು ಕಳಿಸಿದ್ದು. ರಜೆ ಎರಡು ದಿನಕ್ಕೆ ಚಾಚಿದ್ದರೆ ಝೋನ್ ಬೇರೆಯಾಗಿದೆ. ಎಲ್ಲವೂ ಕರಾರುವಾಕ್ಕಾಗಿ ಐದೂವರೆ ಗಂಟೆ ಜರುಗಿದ್ದರೆ ಯುಟಿಸಿಯನ್ನು (ಜಾಗತಿಕ ಪ್ರಮಾಣ ಸಮಯ) ನಮ್ಮ ಸಮಯ ಅಂತ ಓದಿದೆ. ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆಯಾದರೆ ಮನೆಯ ಕ್ಯಾಲೆಂಡರ್ ಇನ್ನೂ ಪೆಸಿಫಿಕ್ ಟೈಮಲ್ಲೇ ಇದೆ. ನ್ಯೂಯಾರ್ಕಿನ ಬೆಳಗಿನ 11ರ ಕಾಲ್ ನವೆಂಬರ್ ಮೊದಲ ಭಾನುವಾರದ ನಂತರ ನಮಗೆ ರಾತ್ರಿ 8:30ರಿಂದ 9:30ಕ್ಕೆ ಹೋಗಿರಬೇಕು.

ಸಿಎಸ್‌ವಿಯೇ ಗತಿ ಅನ್ನುವವರು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಎಕ್ಸೆಲ್ಲೇ ಬೇಕಾದರೆ ಡೇಟಾ ಟ್ಯಾಬಿನಿಂದ ಒಳಗೆ ತಂದು ತಾರೀಖಿನ ಕಾಲಮ್ಮನ್ನು ಟೆಕ್ಸ್ಟ್ ಮಾಡಿ, ಸೇವ್ ಮಾಡುವಾಗ ಕನ್ನಡ ಅಕ್ಷರ ಉಳಿಸುವ ಯುಟಿಎಫ್-8 ಆರಿಸಿ. ಇಲ್ಲದಿದ್ದರೆ 'ಗೌರಿ ಹಬ್ಬ' ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ.

ಮೇಡಂಗೆ ಬೇಕಿದ್ದದ್ದು ನೋಡುವುದಕ್ಕೆ ಮಾತ್ರ ಅನ್ನುವುದು ಎಲ್ಲ ಮುಗಿದ ಮೇಲೆ ಗೊತ್ತಾಯಿತು. ನಾನು ಕೇಳಿಯೇ ಇರಲಿಲ್ಲ. ಬ್ರೌಸರಿನಲ್ಲಿ ಔಟ್‌ಲುಕ್ ತೆರೆದಿದ್ದರೆ ಟಿಕೆಟ್ಟೇ ಬೇಕಿರಲಿಲ್ಲ. ಇಂಪೋರ್ಟ್ ಮಾಡಿದ್ದು ಆ ಕ್ಷಣದ ಫೋಟೋ ಅಷ್ಟೇ, ಮಾರನೇ ದಿನ ಮೀಟಿಂಗ್ ಮುಂದೆ ಹೋದರೆ ಮನೆಯಲ್ಲಿ ಹಳೆಯ ಸಮಯವೇ ಇರುತ್ತದೆ. ತಾನಾಗಿಯೇ ಅಪ್‌ಡೇಟ್ ಆಗಬೇಕಾದರೆ ಔಟ್‌ಲುಕ್ ಕ್ಯಾಲೆಂಡರಿನ ಲಿಂಕ್ ಪಬ್ಲಿಷ್ ಮಾಡಬಹುದು, ಆದರೆ ನಮ್ಮಲ್ಲಿ ಅಡ್ಮಿನ್ ಅದನ್ನು ಮುಚ್ಚಿದ್ದಾರೆ. ತೆರೆದಿದ್ದರೂ ಗೂಗಲ್‌ನಲ್ಲಿ ಬದಲಾವಣೆ ಕಾಣಲು 12 ಗಂಟೆ ಹಿಡಿಯಬಹುದು.

ಕೆಬಿ ತಿದ್ದಲು ರಿಕ್ವೆಸ್ಟ್ ಹಾಕಿದ್ದೇನೆ, ಅಪ್ರೂವಲ್ ಪೆಂಡಿಂಗ್. ಮೇಡಂ ಕ್ಯಾಲೆಂಡರಿನ ಮೇ 10ರಲ್ಲಿ ಒಂದು ಸ್ಟೀರಿಂಗ್ ಕಮಿಟಿ ನನ್ನ ಕಣ್ಣು ತಪ್ಪಿಸಿ ಉಳಿದಿದೆಯಂತೆ.