ಮೆಣಸಿನಕಾಯಿ ಪ್ಯಾಟ್ಯಾಗ ಬೀಜಗಣಿತ

"ಅಕ್ಷರ ಇದ್ದರೆ ಚರಾಕ್ಷರ, ಅಂಕಿ ಇದ್ದರೆ ಸ್ಥಿರಾಂಕ." ಎಂಟನೇತ್ತೆ ಓದುವ ಅಣ್ಣನ ಮಗಳು ಹೀಗೆ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದಳು. 3ಎಕ್ಸ್ + 5 ಅಂತ ಕೊಟ್ಟರೆ ಇಷ್ಟೇ ಸಾಕು. ಎಕ್ಸ್ ಚರಾಕ್ಷರ, ಅಂದರೆ ಬೆಲೆ ಬದಲಾಗುವಂಥದ್ದು; 5 ಸ್ಥಿರಾಂಕ, ಅಂದರೆ ಬದಲಾಗದ್ದು; ಎಕ್ಸ್ ಜೊತೆಗಿರುವ 3 ಸಹಗುಣಕ. ಆದರೆ ವೃತ್ತದ ಪರಿಧಿಯ ಸೂತ್ರದಲ್ಲಿ ಪೈ ಇದೆ, ತ್ರಿಜ್ಯಕ್ಕೆ ಆರ್ ಇದೆ. "ಎರಡೂ ಅಕ್ಷರ ಅದಾವಲ್ಲ ಕಾಕಾ, ಹಂಗಾದ್ರ ಎರಡೂ ಚರ?" ವೃತ್ತ ಸಣ್ಣದಿರಲಿ ದೊಡ್ಡದಿರಲಿ, ಪೈ 3.14159… ಬಿಟ್ಟು ಕದಲುವುದಿಲ್ಲ, ಅಕ್ಷರವಾದರೂ ಅದು ಸ್ಥಿರಾಂಕ ಎಂದೆ. ತಲೆಯಾಡಿಸಿದಳು, ಮನಸ್ಸಿಗೆ ಇಳಿದಿರಲಿಲ್ಲ.

ಮರುದಿನ ಅಣ್ಣ ಬ್ಯಾಡಗಿಗೆ ಮಾಲು ತಗೊಂಡು ಹೊರಟಿದ್ದ, ನಾವೂ ಹತ್ತಿದೆವು. ದಲಾಲಿ ಅಂಗಡಿ ಮುಂದೆ ಮೆಣಸಿನಕಾಯಿಯ ಎರಡು ಬಗೆ, ಕಡ್ಡಿ ಬೇರೆ, ಡಬ್ಬಿ ಬೇರೆ ಇಳಿಸಿದರು. ಖರೀದಿದಾರರು ಕಾಯಿ ಮುರಿದು ಬಣ್ಣ ನೋಡುತ್ತ, ಮುಷ್ಟಿಯಲ್ಲಿ ಹಿಚುಕಿ ಹಸಿ ಎಷ್ಟಿದೆ ನೋಡುತ್ತ ಮುಂದೆ ಸಾಗಿದರು. ಇಲ್ಲಿಯ ಕಾಯಿಗೆ ಖಾರಕ್ಕಿಂತ ಬಣ್ಣದ್ದೇ ಬೆಲೆ. ಘಾಟಿಗೆ ಇಬ್ಬರೂ ಸೀನಿ ಸೀನಿ ಸುಸ್ತು.

ಟೆಂಡರ್ ದರ ಬರುವವರೆಗೆ ಪುರಸೊತ್ತು. ಒಂದು ಚೀಟಿಯ ಹಿಂದೆ ಬರೆದೆ: ರೊಕ್ಕ = ದ × ತ − ಹ × ಚ. ದ ಅಂದರೆ ದರ, ತ ತೂಕ, ಹ ಚೀಲಕ್ಕಿಷ್ಟು ಅಂತ ಹಮಾಲಿ, ಚ ಎಷ್ಟು ಚೀಲ ಅನ್ನೋದು. ನಾಲ್ಕೂ ಅಕ್ಷರವೇ. ಯಾವುದು ಚರ?

ಚೀಲ ಎಣಿಸಿ ಬಂದಳು. ಹಮಾಲಿ ಎಷ್ಟೆಂದು ಹಮಾಲರನ್ನೇ ಕೇಳಿದಳು. "ಚ, ಹ ಗೊತ್ತಾದ್ವು. ದ ಇನ್ನೂ ಗೊತ್ತಿಲ್ಲ." ಅಕ್ಷರಗಳನ್ನು ಹೀಗೆ ಬೇರೆ ಮಾಡುವ ರೂಢಿ ಹಳೆಯದು. ಭಾಸ್ಕರಾಚಾರ್ಯರ 'ಬೀಜಗಣಿತ'ದಲ್ಲಿ ಗೊತ್ತಿಲ್ಲದ ರಾಶಿಗಳಿಗೆ ಯಾ, ಕಾ, ನೀ ಎಂಬ ಗುರುತು, ಗೊತ್ತಿರುವ ಸಂಖ್ಯೆಗೆ 'ರೂ' ಎಂಬ ಗುರುತು ಇದೆ. 1637ರಲ್ಲಿ ಫ್ರಾನ್ಸಿನ ಗಣಿತಜ್ಞ ಡೆಕಾರ್ಟ್ ತನ್ನ ಲಿಪಿಯ ಕೊನೆಯ ಅಕ್ಷರಗಳನ್ನು ಗೊತ್ತಿಲ್ಲದ್ದಕ್ಕೂ ಮೊದಲಿನವನ್ನು ಗೊತ್ತಿದ್ದದ್ದಕ್ಕೂ ಬಳಸಿದ. ಎ, ಬಿ, ಸಿ ಸ್ಥಿರ, ಎಕ್ಸ್, ವೈ ಚರ ಎಂಬ ನಮ್ಮ ಪುಸ್ತಕದ ರೂಢಿ ಅಲ್ಲಿಂದ ಬಂತು. ಇದನ್ನು ಶಾಲೆಯಲ್ಲಿ ಒಂದು ಸಾಲಿನಲ್ಲಾದರೂ ಹೇಳಬೇಕು ಎನ್ನುವುದು ನನ್ನ ಹಠ.

ಮಧ್ಯಾಹ್ನ ದರ ಬಂತು. ಕಾಟಾ ಶುರುವಾಯ್ತು. ಒಂದೊಂದು ಚೀಲ ಏರಿಸಿದಾಗಲೂ ಮುಳ್ಳು ಬೇರೆ ಬೇರೆ ಕಡೆ ನಿಲ್ಲುತ್ತಿತ್ತು. ಅವಳು ನನ್ನ ತೋಳು ಹಿಡಿದು ಎಳೆದಳು. "ಕಾಕಾ, ಮುಂಜಾನೆ ದ ಗೊತ್ತಿರಲಿಲ್ಲ, ಈಗ ನಿಂತಬಿಟ್ಟೈತಿ. ಚೀಲಕ್ಕೊಮ್ಮೆ ಬದಲಾಗೂದು ತ!"

ಅದೇ ನಾನು ಕಾಯುತ್ತಿದ್ದ ಮಾತು. ನಾವು ಕೇಳುವ ಪ್ರಶ್ನೆಯೊಳಗೆ ಯಾವುದು ಅಲುಗಾಡುತ್ತದೋ ಅದು ಚರ. 2ಎಕ್ಸ್ + 3 = 11 ಎಂದಾಗ ಎಕ್ಸ್ 4 ಒಂದೇ, ಬದಲಾಗುವುದಿಲ್ಲ, ಗೊತ್ತಿಲ್ಲ ಅಷ್ಟೇ. ವೈ = 2ಎಕ್ಸ್ + 3 ಎಂದರೆ ಅದೇ ಎಕ್ಸ್ ಎಷ್ಟು ಬೇಕಾದರೂ ಆಗಬಹುದು.

ಅಷ್ಟರಲ್ಲಿ ಮಾರಾಟದ ಲೆಕ್ಕದ ಎರಡು ಪಟ್ಟಿ ಕೈಗೆ ಬಂದವು, ಕಡ್ಡಿಯದೊಂದು, ಡಬ್ಬಿಯದೊಂದು, ದರ ಬೇರೆ ಬೇರೆ. ಎರಡನ್ನೂ ಪಕ್ಕಪಕ್ಕ ಇಟ್ಟು, "ಹಿಂಗ ನೋಡಿದ್ರ ದ ಮತ್ತ ಚರ ಆತು" ಎಂದಳು. "ಮುಂದಿನ ವರ್ಷ ಹಮಾಲಿ ಏರಿದ್ರ ಹ ಕೂಡ?"

"ವರ್ಷಾವರ್ಷದ ಲೆಕ್ಕ ಹಾಕಿದ್ರ, ಹೌದು" ಎಂದೆ. ಪಟ್ಟಿಗಳನ್ನು ಅಪ್ಪನಿಗೆ ಕೊಡುವ ಮೊದಲು ಎರಡನ್ನೂ ತನ್ನ ನೋಟಬುಕ್ಕಿಗೆ ಇಳಿಸಿಕೊಂಡಳು.