ಪಾವಗಡದ ಸೋಲಾರ್ ಪಾರ್ಕ್ ಕೆಲಸ, ಮತ್ತೆ ಬೆರಳುದ್ದದ ಒಂದು ಕನೆಕ್ಟರ್

ಊರಿಗೆ ಹೋದಾಗೆಲ್ಲ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, ಪ್ಯಾನೆಲ್ ಬಿಸಿಲಿಗೆ ಇಟ್ಟುಬಿಟ್ರೆ ಕರೆಂಟ್ ತಾನಾಗೇ ಬರುತ್ತಲ್ಲ, ನೀನು ಅಲ್ಲಿ ಏನಪ್ಪ ಮಾಡ್ತೀಯ ಅಂತ. ನಿಂತ್ಕೊಂಡು ಎರಡು ಮಾತಲ್ಲಿ ಹೇಳೋಕೆ ಆಗಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ಐಟಿಐ ಮುಗ್ಸಿ ಎರಡು ವರ್ಷ ಮನೆ ವೈರಿಂಗ್ ಮಾಡ್ಕೊಂಡಿದ್ದೆ. 2018ರಲ್ಲಿ ಪಾವಗಡದ ಸೋಲಾರ್ ಪಾರ್ಕ್‌ಗೆ ಬಂದೆ. ಆಗ ಮೊದಲನೇ ಹಂತದ 600 ಮೆಗಾವ್ಯಾಟ್ ಶುರುವಾಗಿತ್ತು, ಮಿಕ್ಕಿದ್ದೆಲ್ಲ ಕಟ್ತಾ ಇದ್ರು, 2019ರ ಕೊನೆಗೆ ಒಟ್ಟು 2,050 ಮೆಗಾವ್ಯಾಟ್ ಆಯ್ತು. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು, ಈ ಐದು ಊರಿನ ಸುಮಾರು 13,000 ಎಕರೆ. ಮಳೆ ಬಂದ್ರೆ ಕಡ್ಲೆಕಾಯಿ, ಬರ್ದಿದ್ರೆ ಏನೂ ಇಲ್ಲ ಅನ್ನೋ ನೆಲ ಇದು. ಜಮೀನನ್ನ ಕೊಂಡ್ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಲೆಕ್ಕದಲ್ಲಿ ಗುತ್ತಿಗೆಗೆ ತಗೊಂಡ್ರು. ಜಮೀನಿದ್ದವರಿಗೆ ಅದು ಆಸರೆ ಆಯ್ತು, ನಿಜ. ಆದ್ರೆ ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡ್ಕೊಂಡಿದ್ದವರಿಗೆ ಆ ಹೊಲವೇ ಇಲ್ಲದಂಗಾಯ್ತು. ಈಗ ಅವರಲ್ಲಿ ಕೆಲವರು ನಮ್ ಜೊತೆನೇ ಹುಲ್ಲು ಕೊಯ್ಯೋದು, ಪ್ಯಾನೆಲ್ ತೊಳೆಯೋದು ಮಾಡ್ತಾರೆ, ಎಲ್ಲರಿಗೂ ಆ ಕೆಲಸ ಸಿಗಲಿಲ್ಲ. ಇದು ನನಗೆ ಯಾವಾಗ್ಲೂ ಮನಸ್ಸಲ್ಲಿ ಚುಚ್ತಾ ಇರುತ್ತೆ.

ಸರಿ, ಕೆಲಸದ ವಿಷಯಕ್ಕೆ ಬರ್ತೀನಿ. ಮನೆ ವೈರಿಂಗ್ ಮಾಡೋನಿಗೆ ಮೊದಲನೇ ಅಭ್ಯಾಸ ಏನು, ಮೇನ್ ಆಫ್ ಮಾಡು, ಟೆಸ್ಟರ್ ಇಟ್ಟು ನೋಡು, ಆಮೇಲೆ ಕೈ ಹಾಕು. ಇಲ್ಲಿ ಆಫ್ ಮಾಡೋಕೆ ಮೇನೇ ಇಲ್ಲ. ಪ್ಯಾನೆಲ್‌ನ ಡಿಸಿ ಕರೆಂಟನ್ನ ಎಸಿ ಮಾಡೋ ಇನ್ವರ್ಟರ್ ನಿಲ್ಲಿಸಬಹುದು, ಸಾಲುಗಳ ಕೇಬಲ್ ಎಲ್ಲ ಬಂದು ಸೇರೋ ಕಂಬೈನರ್ ಬಾಕ್ಸಿನ ಐಸೊಲೇಟರ್ ಸ್ವಿಚ್ ಎಳೀಬಹುದು, ಆದ್ರೆ ಬೆಳಕು ಇರೋವರೆಗೂ ಪ್ಯಾನೆಲ್ ವೋಲ್ಟೇಜ್ ಕೊಡ್ತಾನೇ ಇರುತ್ತೆ. ಒಂದು ಪ್ಯಾನೆಲ್‌ಗೆ ಸುಮಾರು 46 ವೋಲ್ಟ್, ಅಂಥವು 30 ಸೀರೀಸಲ್ಲಿ, ಅಂದ್ರೆ ಒಂದಕ್ಕೊಂದು ಸರಪಳಿ ಥರ ಜೋಡಿಸಿ ಹಾಕಿದ್ರೆ ಅದೊಂದು ಸ್ಟ್ರಿಂಗ್, ಹತ್ತಿರ ಹತ್ತಿರ 1,380 ವೋಲ್ಟ್ ಡಿಸಿ. ಚಳಿಗಾಲದ ಬೆಳಿಗ್ಗೆ ಪ್ಯಾನೆಲ್ ತಣ್ಣಗಿದ್ದಾಗ ವೋಲ್ಟೇಜ್ ಇನ್ನೂ ಮೇಲಿರುತ್ತೆ. ಎಸಿ, ಅಂದ್ರೆ ಮನೆಗೆ ಬರೋ ಥರದ ಕರೆಂಟ್ ಆದ್ರೆ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತೆ, ಕಿಡಿ ಹತ್ತಿದ್ರೂ ಆರೋಕೆ ದಾರಿ ಇರುತ್ತೆ, ಒಂದೇ ದಿಕ್ಕಲ್ಲಿ ಹರಿಯೋ ಡಿಸಿಗೆ ಆ ಸೊನ್ನೆ ಇಲ್ಲ, ಕರೆಂಟ್ ಹರೀತಿರೋವಾಗ ಕನೆಕ್ಟರ್ ಎಳೆದ್ರೆ ಕಿಡಿ ಉದ್ದಕ್ಕೆ ಎಳ್ಕೊಂಡು ಬಂದು ಉರೀತಾನೇ ಇರುತ್ತೆ. ಅದಕ್ಕೇ ಐಸೊಲೇಟರ್ ಆಫ್ ಮಾಡಿದ್ ಮೇಲೂ ಕೇಬಲ್ ಸುತ್ತ ಹಿಡಿದು ಕರೆಂಟ್ ಅಳೆಯೋ ಕ್ಲಾಂಪ್ ಮೀಟರ್ ಹಾಕಿ ಕರೆಂಟ್ ಸೊನ್ನೆ ಅಂತ ಕಣ್ಣಾರೆ ನೋಡದೆ ಫ್ಯೂಸ್ ಎಳೆಯಲ್ಲ, ಕನೆಕ್ಟರ್ ಬಿಚ್ಚಲ್ಲ. ಸೂಪರ್‌ವೈಸರ್ ನಿಂತ್ಕೊಂಡು ಬೇಗ ಬೇಗ ಅಂದ್ರೂ ಬಿಚ್ಚಲ್ಲ.

ಈಗ ಆ ಕನೆಕ್ಟರ್. ಎಂಸಿ ಫೋರ್ ಅಂತೀವಿ, ಬೆರಳುದ್ದದ ಕಪ್ಪು ಪ್ಲಾಸ್ಟಿಕ್ಕು. ಪ್ಯಾನೆಲ್ ಜೊತೆ ಬರೋದನ್ನ ಫ್ಯಾಕ್ಟರಿಲೇ ಹಾಕಿರ್ತಾರೆ, ಸ್ಟ್ರಿಂಗ್‌ನ ಎರಡು ತುದಿಗೆ ಕೇಬಲ್ ಎಳೆದು ನಾವು ಕೈಯಲ್ಲಿ ಕ್ರಿಂಪ್ ಮಾಡ್ಬೇಕು, ಅಂದ್ರೆ ತಂತಿ ಮೇಲೆ ಕನೆಕ್ಟರಿನ ಲೋಹದ ಪಿನ್ನನ್ನ ಒತ್ತಿ ಬಿಗಿ ಮಾಡ್ಬೇಕು. 50 ಮೆಗಾವ್ಯಾಟಿನ ಒಂದು ಪ್ಲಾಂಟ್ ಅಂದ್ರೆ 320 ವ್ಯಾಟಿನ ಪ್ಯಾನೆಲ್ ಒಂದೂವರೆ ಲಕ್ಷದ ಮೇಲೆ, ಐದು ಸಾವಿರಕ್ಕೂ ಹೆಚ್ಚು ಸ್ಟ್ರಿಂಗ್, ಅಲ್ಲಿಗೆ ಹತ್ತು ಸಾವಿರದ ಮೇಲೆ ಕೈಯಲ್ಲಿ ಮಾಡಿದ ಕನೆಕ್ಟರ್. ನಮಗೆ ಆಗ ಸ್ಟ್ರಿಂಗ್ ಲೆಕ್ಕದಲ್ಲಿ ಕೂಲಿ. ಏಪ್ರಿಲ್ ಬಿಸಿಲು, ನೆರಳು ಅಂದ್ರೆ ಪ್ಯಾನೆಲ್ ಅಡಿಗೆ ಮಾತ್ರ, ಪ್ಯಾನೆಲ್ ಕೂರಿಸಿರೋ ಲೋಹದ ಸ್ಟ್ರಕ್ಚರ್ ಮುಟ್ಟಿದ್ರೆ ಕೈ ಚುರ್ ಅನ್ನುತ್ತೆ, ಸಂಜೆ ಒಳಗೆ ಎಷ್ಟು ಸ್ಟ್ರಿಂಗ್ ಆಗುತ್ತೋ ಅಷ್ಟು ದುಡ್ಡು. ಅಂಥ ಲೆಕ್ಕದಲ್ಲಿ ಯಾರು ತಾನೇ ತಾಳ್ಮೆಯಿಂದ ಕ್ರಿಂಪ್ ಮಾಡ್ತಾರೆ ಹೇಳಿ. ಕೆಲವರು ಕ್ರಿಂಪಿಂಗ್ ಟೂಲ್ ಬಿಟ್ಟು ಕಟಿಂಗ್ ಪ್ಲೇಯರಲ್ಲೇ ಒತ್ತಿಬಿಡ್ತಿದ್ರು. ಸ್ಟಾಕ್ ಮುಗೀತು ಅಂತ ಒಂದು ದಿನ ಬೇರೆ ಬ್ರ್ಯಾಂಡಿನ ಕನೆಕ್ಟರ್ ಡಬ್ಬ ಬಂತು, ಪ್ಯಾನೆಲ್ ಕಡೆದು ಒಂದು ಬ್ರ್ಯಾಂಡು, ನಮ್ ಕಡೆದು ಇನ್ನೊಂದು. ಟಿಕ್ ಅಂತ ಕೂತ್ಕೊಂಡ್ತು. ಕೂತ್ಕೊಂಡ್ತಲ್ಲ ಅಂತ ನಾನೂ ಹಾಕ್ತಾ ಹೋದೆ.

ಮೂರನೇ ವರ್ಷ ನಾನು ಮೇಂಟೆನೆನ್ಸ್ ಟೀಮಲ್ಲಿದ್ದೆ, ಅದೇ ಪ್ಲಾಂಟಲ್ಲಿ. ಒಂದು ಸ್ಟ್ರಿಂಗ್ ಕರೆಂಟ್ ತೋರಿಸ್ತಿಲ್ಲ ಅಂತ ಹೋದೆ, ಕನೆಕ್ಟರ್ ಕರಗಿ ಕಲ್ಲಿದ್ದಲಿನ ತುಂಡಿನ ಹಂಗೆ ಆಗಿತ್ತು, ಕೆಳಗಿನ ಒಣಹುಲ್ಲು ಒಂದು ಮೊಳದಷ್ಟು ಸುಟ್ಟಿತ್ತು. ಆ ಸಾಲು ನಾನು ಮಾಡಿದ್ದ ಸಾಲು. ಕೈಕಾಲು ತಣ್ಣಗಾಗೋಯ್ತು, ಯಾಕಂದ್ರೆ ಹುಲ್ಲು ಕೊಯ್ಯೋ ಅಮ್ಮಂದಿರು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂರೋದು ಆ ನೆರಳಲ್ಲೇ. ಲೆಕ್ಕ ಹಾಕಿ ನೋಡಿ, ಸ್ಟ್ರಿಂಗಲ್ಲಿ ಹರಿಯೋದು ಒಂಬತ್ತು ಆಂಪಿಯರ್ ಅಷ್ಟೇ, ಆದ್ರೆ ಬೇರೆ ಬೇರೆ ಬ್ರ್ಯಾಂಡಿನವು ಒಳಗೆ ಬಿಗಿಯಾಗಿ ಕೂರದೆ ಜಾಯಿಂಟಲ್ಲಿ ಒಂದು ಓಮಿನ ಹತ್ತರಲ್ಲಿ ಒಂದು ಭಾಗ ರೆಸಿಸ್ಟೆನ್ಸ್ ಸೇರ್ಕೊಂಡ್ರೂ ಎಂಟು ವ್ಯಾಟ್ ಬಿಸಿ ಅದೇ ಜಾಗದಲ್ಲಿ, ದಿನಾ, ಗಂಟೆಗಟ್ಲೆ. ಸಣ್ಣ ಸೋಲ್ಡರಿಂಗ್ ಐರನ್‌ನ ಪ್ಲಾಸ್ಟಿಕ್ ಒಳಗೆ ತುರುಕಿಟ್ಟಂಗೆ. ಆವತ್ತೇ ಸೈಟ್ ಇಂಜಿನಿಯರ್‌ಗೆ ಹೋಗಿ ಹೇಳ್ದೆ, ಸಾರ್ ಆ ಡಬ್ಬದ ಕನೆಕ್ಟರ್ ಎಲ್ಲೆಲ್ಲಿ ಹಾಕಿದೀನೋ ನನಗೆ ಗೊತ್ತು, ಎಲ್ಲಾ ಬದಲಾಯಿಸ್ಬೇಕು ಅಂತ. ಬೈತಾರೆ ಅನ್ಕೊಂಡಿದ್ದೆ, ಬೈಲಿಲ್ಲ. ಥರ್ಮಲ್ ಕ್ಯಾಮೆರಾ ಹಿಡ್ಕೊಂಡು ಸಾಲು ಸಾಲು ನಡೆದ್ವಿ, ಸ್ಕ್ರೀನಲ್ಲಿ ಬಿಸಿ ಇರೋದು ಬೆಳ್ಳಗೆ ಹೊಳೆಯುತ್ತೆ. ಎರಡು ವಾರ ಹಿಡೀತು. ಸುಟ್ಟಿದ್ದ ಆ ಕನೆಕ್ಟರ್ ಈಗಲೂ ನನ್ನ ಟೂಲ್ ಬ್ಯಾಗಲ್ಲಿದೆ, ಹೊಸಬರು ಬಂದ್ರೆ ಮೊದಲು ಅದನ್ನ ಕೈಗೆ ಕೊಡ್ತೀನಿ.

ಇಷ್ಟೆಲ್ಲಾ ಹೇಳಿದ್ರೂ ನನಗೆ ಈ ಕೆಲಸ ಅಂದ್ರೆ ಬಹಳ ಇಷ್ಟ. ಮಳೆಗಾಲದಲ್ಲಿ ಅರ್ಥ್ ಫಾಲ್ಟ್, ಅಂದ್ರೆ ಕೇಬಲಿಂದ ಕರೆಂಟ್ ನೆಲಕ್ಕೆ ಸೋರೋ ಜಾಗ ಹುಡುಕೋದು ಇದೆಯಲ್ಲ, ಅದರ ಖುಷಿನೇ ಬೇರೆ. ಬೆಳಿಗ್ಗೆ ಒದ್ದೆ ಇರುತ್ತೆ, ಎಲ್ಲೋ ಕೇಬಲ್ ಸಿಪ್ಪೆ ಸುಲಿದಿರುತ್ತೆ, ಇನ್ಸುಲೇಷನ್ ಕಮ್ಮಿ ಅಂತ ಇನ್ವರ್ಟರ್ ಸ್ಟಾರ್ಟೇ ಆಗಲ್ಲ, ಬಿಸಿಲು ಬಂದು ಒಣಗಿದ್ರೆ ಏನೂ ಆಗಿಲ್ಲ ಅನ್ನೋ ಥರ ಓಡುತ್ತೆ. ಹಾಗಾಗಿ ಒಣಗೋಕೆ ಮುಂಚೆ ಹಿಡೀಬೇಕು. ಸ್ಟ್ರಿಂಗ್ ಬೇರೆ ಮಾಡಿ ಪ್ಲಸ್‌ನಿಂದ ಅರ್ಥ್‌ಗೆ, ಮೈನಸ್‌ನಿಂದ ಅರ್ಥ್‌ಗೆ ವೋಲ್ಟೇಜ್ ನೋಡ್ತೀವಿ. ಪ್ಲಸ್ ಕಡೆ 460, ಮೈನಸ್ ಕಡೆ 920 ಬಂತು ಅನ್ಕೊಳ್ಳಿ. 460ನ್ನ 46ರಿಂದ ಭಾಗಿಸಿದ್ರೆ ಹತ್ತು, ಅಂದ್ರೆ ಪ್ಲಸ್ ಕಡೆಯಿಂದ ಎಣಿಸಿದ್ರೆ ಹತ್ತನೇ ಪ್ಯಾನೆಲ್‌ಗೂ ಹನ್ನೊಂದನೇದಕ್ಕೂ ಮಧ್ಯೆ ಎಲ್ಲೋ ತಾಗಿದೆ. ಸೀದಾ ಅಲ್ಲಿಗೇ ಹೋಗಬಹುದು.

ಹೋದ ಮಳೆಗಾಲ ತಿರುಮಣಿ ಕಡೆಯ ಹುಡುಗ ಒಬ್ಬ ಹೊಸದಾಗಿ ಸೇರಿದ್ದ, ಅವರಪ್ಪನ ಜಮೀನೂ ಇದೇ ಪಾರ್ಕ್ ಒಳಗೆ ಹೋಗಿದೆ. ಅವನ ಕೈಗೆ ಮೀಟರ್ ಕೊಟ್ಟು ನಾನು ಸುಮ್ನೆ ನಿಂತೆ. ಓದಿದ, ಮೊಬೈಲಲ್ಲಿ ಭಾಗಿಸಿದ, ತಿರುಗಿ ನೋಡಿ "ಅಣ್ಣಾ, ಏಳು-ಎಂಟರ ಮಧ್ಯೆ" ಅಂದ. ಸರಿ ಹೋಗು ಅಂದೆ. ಕೆಸರಲ್ಲಿ ಪಚ ಪಚ ಅಂತ ಎಣಿಸ್ಕೊಂಡು ಹೋದ, ಬಗ್ಗಿದ, ಸ್ಟ್ರಕ್ಚರಿನ ಅಂಚಿಗೆ ಉಜ್ಜಿ ಉಜ್ಜಿ ತಾಮ್ರ ಕಾಣ್ತಿದ್ದ ಕೇಬಲ್ ಮೇಲೆ ಟಾರ್ಚ್ ಬಿಟ್ಟು, "ಸಿಕ್ತಣ್ಣಾ!" ಅಂತ ಕೂಗಿದ. ಗ್ಲೌಸ್ ಹಾಕ್ಕೊಂಡೇ ಇದ್ದ, ಕೈ ಮಾತ್ರ ಹತ್ರ ಒಯ್ದಿರಲಿಲ್ಲ.