ಹೊಸ ಕನ್ನಡಕ ಹಾಕಿದ ಮೇಲೆ ದೀಪಕ್ಕೆ ನೀಲಿ ಅಂಚೇಕೆ?

ನಾನು ಭೌತಶಾಸ್ತ್ರದ ಮೇಷ್ಟರೆಂದು ಗೊತ್ತಾದರೆ ಸಾಕು, ಕನ್ನಡಕ ಹಾಕಿದವರಿಂದ ಈ ಪ್ರಶ್ನೆ ತಪ್ಪದು: "ಸರ್, ಲೆನ್ಸ್ ಬದಲಾಯಿಸಿದ ಮೇಲೆ ಬೀದಿದೀಪದ ಒಂದು ಬದಿಗೆ ನೀಲಿ, ಇನ್ನೊಂದು ಬದಿಗೆ ಕಿತ್ತಳೆ ಗೆರೆ ಕಾಣುತ್ತದೆ. ಕಣ್ಣು ಕೆಟ್ಟಿತೇ?"

ಸಾಮಾನ್ಯವಾಗಿ ಕಣ್ಣು ಕೆಟ್ಟಿರುವುದಿಲ್ಲ. ಇದು ಹೆಚ್ಚು ಹಣ ಕೊಟ್ಟು ಹಾಕಿಸಿಕೊಂಡ ತೆಳು ಲೆನ್ಸಿನ ಗುಣ. ಪರೀಕ್ಷೆ ಸುಲಭ. ದೂರದ ಬಿಳಿ ಎಲ್‌ಇಡಿ ದೀಪವನ್ನು ನೇರವಾಗಿ ನೋಡಿ, ಗೆರೆ ಇರುವುದಿಲ್ಲ. ಕಣ್ಣನ್ನು ದೀಪದ ಮೇಲೇ ಇಟ್ಟು ಗದ್ದವನ್ನು ಎದೆಯ ಕಡೆ ತಗ್ಗಿಸಿ. ನಿಮ್ಮದು ಮೈನಸ್ ನಂಬರಾದರೆ ದೀಪದ ಕೆಳಗಂಚು ನೀಲಿಯಾಗುತ್ತದೆ, ಮೇಲಂಚು ಕೆಂಪು-ಕಿತ್ತಳೆ. ಪ್ಲಸ್ ನಂಬರಿನವರಿಗೆ ಇದೇ ತಿರುವುಮುರುವು. ಹಾಗಲ್ಲದೆ, ಕನ್ನಡಕ ತೆಗೆದ ಮೇಲೂ ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಜೊತೆಗೆ ಕಣ್ಣುನೋವೂ ಇದ್ದರೆ, ನನ್ನನ್ನು ಕೇಳುತ್ತಾ ಕೂರಬೇಡಿ. ಅಂದೇ ಕಣ್ಣಿನ ವೈದ್ಯರ ಬಳಿಗೆ ಹೋಗಿ.

ಮೈನಸ್ ಲೆನ್ಸ್ ನಡುವೆ ತೆಳು, ಅಂಚಿನಲ್ಲಿ ದಪ್ಪ. ನಡುವನ್ನು ಬಿಟ್ಟು ಪಕ್ಕದಿಂದ ನೋಡಿದರೆ ಅದು ಪಟ್ಟಕದಂತೆಯೇ (ಪ್ರಿಸಂ) ವರ್ತಿಸುತ್ತದೆ. ನೀಲಿ ಬೆಳಕನ್ನು ಕೆಂಪಿಗಿಂತ ಹೆಚ್ಚು ಬಾಗಿಸುತ್ತದೆ, ಬಣ್ಣಗಳು ಬೇರೆಯಾಗುತ್ತವೆ. ಎಷ್ಟು ಬೇರೆಯಾಗುತ್ತವೆ ಎಂಬುದನ್ನು ಹೇಳುವುದು ಅಬೆ ಸಂಖ್ಯೆ. ಜರ್ಮನಿಯ ಯೇನಾದಲ್ಲಿ ಸೂಕ್ಷ್ಮದರ್ಶಕ ತಯಾರಕ ಕಾರ್ಲ್ ಝೈಸ್ ಜೊತೆ ದುಡಿದ ಭೌತವಿಜ್ಞಾನಿ ಅರ್ನ್ಸ್ಟ್ ಅಬೆಯ ಹೆಸರಿನದು. ಸಂಖ್ಯೆ ದೊಡ್ಡದಾದಷ್ಟೂ ಬಣ್ಣದ ಕಾಟ ಕಡಿಮೆ. ಸಾಧಾರಣ ಪ್ಲಾಸ್ಟಿಕ್ ಲೆನ್ಸಿಗೆ (ಸಿಆರ್-39) ಇದು ಸುಮಾರು 58. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿಗೆ ಬರೀ 30. ಅಂಗಡಿಯವರು 1.67 ಎಂದು ಹೊಗಳಿ ಕೊಡುವ ಹೈ ಇಂಡೆಕ್ಸ್ ಲೆನ್ಸಿಗೂ 32ರ ಆಸುಪಾಸು (ಆ 1.67 ಎಂಬುದು ಲೆನ್ಸಿನ ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ; ಅದು ಹೆಚ್ಚಾದಷ್ಟೂ ಲೆನ್ಸ್ ತೆಳು).

ಲೆಕ್ಕ ಹಾಕೋಣ. ಮೈನಸ್ 6 ನಂಬರಿನ ಪಾಲಿಕಾರ್ಬೊನೇಟ್ ಲೆನ್ಸಿನ ನಡುವಿನಿಂದ 1 ಸೆಂಟಿಮೀಟರ್ ಆಚೆಗೆ ದೃಷ್ಟಿ ಹಾಯಿಸಿದರೆ, 10 ಮೀಟರ್ ದೂರದ ದೀಪದ ಕೆಂಪು ಬಿಂಬಕ್ಕೂ ನೀಲಿ ಬಿಂಬಕ್ಕೂ ಸುಮಾರು 2 ಸೆಂಟಿಮೀಟರ್ ಅಂತರ ಬೀಳುತ್ತದೆ. ಸಾಧಾರಣ ಪ್ಲಾಸ್ಟಿಕ್ಕಿನಲ್ಲಿ ಅದರ ಅರ್ಧ. ಕ್ಯಾಮೆರಾದವರು ಎರಡು ಬಗೆಯ ಗಾಜು ಜೋಡಿಸಿ ಈ ದೋಷವನ್ನು ಕಳೆಯುತ್ತಾರೆ, ಆದರೆ ಅಷ್ಟು ಭಾರವನ್ನು ಮೂಗು ಹೊರಬೇಕಲ್ಲ!

ಇದರದೇ ಇನ್ನೊಂದು ಆಟ ನನಗೆ ಬಲು ಇಷ್ಟ. ಮೊಬೈಲಿನ ಕಪ್ಪು ಪರದೆಯ ಮೇಲೆ ಅಚ್ಚ ಕೆಂಪು ಮತ್ತು ಅಚ್ಚ ನೀಲಿ ಅಕ್ಷರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅನೇಕರಿಗೆ ಬರಿಗಣ್ಣಿನಲ್ಲೇ ಕೆಂಪು ಮುಂದೆ, ನೀಲಿ ಹಿಂದೆ ನಿಂತಂತೆ ಕಾಣುತ್ತದೆ. ಮೈನಸ್ ಕನ್ನಡಕ ಇದನ್ನು ಇನ್ನೂ ಹೆಚ್ಚಿಸುತ್ತದೆ. ಹತ್ತಿರದ್ದನ್ನು ನೋಡುವಾಗ ಎರಡು ಕಣ್ಣೂ ಮೂಗಿನತ್ತ ವಾಲಿ ಲೆನ್ಸಿನ ಒಳಬದಿಯಿಂದ ನೋಡುತ್ತವೆ. ಮೈನಸ್ ಲೆನ್ಸ್ ಆಗ ನೀಲಿಯನ್ನು ಎರಡೂ ಕಣ್ಣುಗಳಿಗೆ ಹೊರಕ್ಕೆ ಸರಿಸುತ್ತದೆ. ಮಿದುಳು ಅದನ್ನು ದೂರವೆಂದೇ ಓದಿಕೊಳ್ಳುತ್ತದೆ. ಪರದೆಯೇನೋ ಚಪ್ಪಟೆ, ಅಕ್ಷರಗಳು ಮಾತ್ರ ಎರಡು ಅಂತಸ್ತಿನಲ್ಲಿ ತೇಲುತ್ತವೆ.

ಹೆಚ್ಚಿನವರ ಮಿದುಳು ಕೆಲವು ದಿನಗಳಲ್ಲಿ ಈ ಗೆರೆಗಳನ್ನು ಗಮನಿಸುವುದನ್ನೇ ಬಿಡುತ್ತದೆ. ಹಾಗೆ ಒಗ್ಗದವರು ಮುಂದಿನ ಸಲ ಅಂಗಡಿಯಲ್ಲಿ ದಪ್ಪದ ಜೊತೆ ಅಬೆ ಸಂಖ್ಯೆಯನ್ನೂ ಕೇಳಿ. 1.60ರ ಕೆಲವು ಲೆನ್ಸ್‌ಗಳಿಗೆ ಅದು 40ರ ಮೇಲಿದೆ. ನನ್ನ ಮಟ್ಟಿಗೆ ಅದೇ ಹದ. ಚಿಕ್ಕ ಫ್ರೇಮ್ ಆರಿಸಿ, ಪಾಪೆಗಳ ನಡುವಿನ ದೂರವನ್ನು ಸರಿಯಾಗಿ ಅಳೆಸಿ. ಆಂಟಿ ಗ್ಲೇರ್ ಕೋಟಿಂಗಿನಿಂದ ಈ ಗೆರೆ ಹೋಗುವುದಿಲ್ಲ, ಅದು ಪ್ರತಿಫಲನಕ್ಕೆ ಮಾತ್ರ. ಆದರೆ ಆಟವಾಡುವ ಮಕ್ಕಳಿಗೆ ಪಾಲಿಕಾರ್ಬೊನೇಟೇ ಇರಲಿ. ಚೆಂಡು ಬಡಿದರೂ ಅದು ಸುಲಭವಾಗಿ ಒಡೆಯುವುದಿಲ್ಲ.